ನೀಲಿ ಗೀರಿನ ಮಾತ್ರೆ

“ಟೀಚರ್‌ಗೆ ಸಿಕ್ಕಿದ್ದು ಬರೀ ಹಿಟ್ಟು,” ಎಂದರು ಡಾಕ್ಟರಮ್ಮ. “ಔಷಧಿಯೇ ಇಲ್ಲದ ಮಾತ್ರೆ. ಹಾಗಾಗಿ ಅವರ ಜ್ವರಕ್ಕೂ ನಮ್ಮ ಔಷಧಿಗೂ ಸಂಬಂಧ ಇಲ್ಲ. ನೀವಿನ್ನು ಮನೆಗೆ ಹೋಗಿ ಅಮ್ಮ.”

ಚೆಕಿಂಗ್ ಅಕ್ಕ ಕುರ್ಚಿ ಬಿಟ್ಟು ಏಳಲಿಲ್ಲ.

ಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡುತ್ತಲೇ ಅರ್ಧ ಆಯುಷ್ಯ ಕಳೆದ ಹೆಂಗಸು ಅವಳು. ಕರುಳಿನಲ್ಲಿ ಹುಣ್ಣಾದ ಮೇಲೆ ಕೆಲಸ ಬಿಡಬೇಕಾಯಿತು. ಬಸ್ಸಿನಲ್ಲಿ ಎಲ್ಲವೂ ಇತ್ತು, ಶೌಚಾಲಯ ಇರಲಿಲ್ಲ. ಕೆಲಸ ಹೋದರೂ ಹೆಸರು ಉಳಿಯಿತು. ಕೈಚಾಚಿ ನಿಂತು ಎದುರಿಗಿದ್ದವರ ಮುಖ ಓದುವ ಅಭ್ಯಾಸವೂ ಉಳಿಯಿತು.

ನಿನ್ನೆ ಬೆಳಿಗ್ಗೆ ಇದೇ ಆಸ್ಪತ್ರೆಯ ಕಾಯುವ ಕೋಣೆಯಲ್ಲಿ, ಅವಳ ಭುಜಕ್ಕೇ ಒರಗಿ ಟೀಚರ್ ಕುಸಿದಿದ್ದರು. ಈಗ ತುರ್ತು ನಿಗಾ ಘಟಕದಲ್ಲಿ ಕಣ್ಣು ಮುಚ್ಚಿ ಮಲಗಿದ್ದಾರೆ. ಅವರಿಗೆ ಹಿಂದೆ ಮುಂದೆ ಯಾರೂ ಇಲ್ಲ. ‘ತುರ್ತಿಗೆ ಯಾರನ್ನು ಕರೆಯಬೇಕು’ ಎಂದು ಆಸ್ಪತ್ರೆಯವರು ಕೇಳಿದ್ದಾಗ ಚೆಕಿಂಗ್ ಅಕ್ಕನ ಹೆಸರು ಹೇಳಿದ್ದರಂತೆ.

ಇಬ್ಬರೂ ಒಂದೇ ಔಷಧಿ ಪರೀಕ್ಷೆಗೆ, ಆಸ್ಪತ್ರೆಯವರು ‘ಟ್ರಯಲ್’ ಎನ್ನುವುದಕ್ಕೆ, ಸೇರಿದವರು. ಕರುಳಿನ ಹುಣ್ಣಿಗೆ ಹೊಸ ಮಾತ್ರೆ ಬಂದಿದೆ. ಅದು ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂದು ನೋಡಬೇಕು. ಅರ್ಧ ಜನಕ್ಕೆ ನಿಜವಾದ ಔಷಧಿ, ಇನ್ನರ್ಧ ಜನಕ್ಕೆ ಅದೇ ಬಣ್ಣದ, ಅದೇ ಗಾತ್ರದ ಹಿಟ್ಟಿನ ಮಾತ್ರೆ. ಯಾರಿಗೆ ಯಾವುದು ಎಂದು ಕಂಪ್ಯೂಟರ್ ಚೀಟಿ ಎತ್ತುತ್ತದೆ. ನುಂಗುವವರಿಗೂ ಗೊತ್ತಿಲ್ಲ, ಕೊಡುವವರಿಗೂ ಗೊತ್ತಿಲ್ಲ. ಯಾರಾದರೂ ಸಾವಿನ ಬಾಗಿಲಿಗೆ ಹೋದರೆ ಮಾತ್ರ ಅವರೊಬ್ಬರ ಗುಟ್ಟು ತೆರೆಯಬಹುದು. ಟೀಚರದ್ದನ್ನು ಡಾಕ್ಟರಮ್ಮ ಈಗಷ್ಟೇ ತೆರೆದಿದ್ದರು.

“ಹಿಟ್ಟು ಅಂತ ಗೊತ್ತಾದ ಮೇಲೆ ಏನು ಮಾಡ್ತೀರಿ?” ಅಕ್ಕ ಕೇಳಿದಳು.

“ಕಾಯಿಲೆಯೇ ಕೆರಳಿದೆ ಅಂತ ಅರ್ಥ. ಸಂಜೆ ರೌಂಡ್ಸ್‌ನಲ್ಲಿ ಸ್ಟೀರಾಯ್ಡ್ ಸೂಜಿ ಶುರು ಮಾಡ್ತೀವಿ.”

“ಅಕಸ್ಮಾತ್ ಅವರು ನಿಜವಾದ ಔಷಧಿ ನುಂಗಿದ್ರೆ?”

“ಆಗ ಇದು ಸೋಂಕು. ನಮ್ಮ ಮಾತ್ರೆ ದೇಹದ ಕಾವಲನ್ನ ಸ್ವಲ್ಪ ಸಡಿಲ ಮಾಡುತ್ತೆ. ಅದರ ಮೇಲೆ ಸ್ಟೀರಾಯ್ಡ್ ಕೊಟ್ರೆ, ಕಳ್ಳ ಮನೆಯೊಳಗೆ ಇರುವಾಗ ಕೊನೇ ಕಾವಲುಗಾರನನ್ನೂ ರಜೆ ಮೇಲೆ ಕಳಿಸಿದ ಹಾಗೆ.” ಡಾಕ್ಟರಮ್ಮ ಪೆನ್ನಿನ ಮುಚ್ಚಳ ಹಾಕಿದರು. “ಉಳಿಯೋದು ಕಷ್ಟ. ಆದರೆ ಆ ಪ್ರಶ್ನೆಯೇ ಏಳೋದಿಲ್ಲ.”

“ಏಳುತ್ತೆ.”

ಅಕ್ಕ ಸೆರಗಿನೊಳಗಿಂದ ಒಂದು ಪ್ಲಾಸ್ಟಿಕ್ ಸೀಸೆ ತೆಗೆದು ಮೇಜಿನ ಮೇಲಿಟ್ಟಳು. ಟೀಚರ ಚೀಲದಲ್ಲಿದ್ದ ಅವರ ಮಾತ್ರೆ ಸೀಸೆ. ಮುಚ್ಚಳ ತಿರುಗಿಸಿ ಅಂಗೈಗೆ ಸುರಿದಳು. ಎಲ್ಲ ಬಿಳಿ ಮಾತ್ರೆಗಳೇ. ಆದರೆ ನಡುನಡುವೆ ಬೆರಳೆಣಿಕೆಯಷ್ಟು ಮಾತ್ರೆಗಳ ಅಂಚಿನಲ್ಲಿ ತೆಳುವಾದ ನೀಲಿ ಗೀರು, ನೀಲಿ ಮಸಿ ಬೆರಳಿನಿಂದ ಸವರಿದ ಹಾಗೆ.

ಡಾಕ್ಟರಮ್ಮ ಬಗ್ಗಿ ನೋಡಿದರು. “ಸೀಮೆಸುಣ್ಣ. ಟೀಚರ್ ಅಲ್ವಾ? ಕೈಗಂಟಿರುತ್ತೆ.”

“ಟೀಚರ್ ಶಾಲೆ ಬಿಟ್ಟು ವರ್ಷವಾಯ್ತು ಮೇಡಂ. ನನ್ನ ಹಾಗೇ. ಪಾಠದ ಮಧ್ಯೆ ಓಡಿಹೋಗೋ ಟೀಚರನ್ನ ಯಾವ ಶಾಲೆ ಇಟ್ಕೊಳ್ಳುತ್ತೆ?” ಅಕ್ಕ ಉಗುರಿನಿಂದ ಗೀರನ್ನು ಕೆರೆದಳು. ಅದು ಪುಡಿಯಾಗಿ ಉದುರಲಿಲ್ಲ. ಮೇಣದಂತೆ ಉಗುರಿಗೆ ಅಂಟಿತು. “ಮತ್ತೆ ಇದು ಸೀಮೆಸುಣ್ಣವೂ ಅಲ್ಲ.”

“ಮಾತ್ರೆ ಮೇಲಿನ ಕಲೆ ನೋಡಿ ನಾನು ಚಿಕಿತ್ಸೆ ಬದಲಾಯಿಸೋಕಾಗಲ್ಲ. ಏನಾದ್ರೂ ಗಟ್ಟಿ ಆಧಾರ ತನ್ನಿ.”

“ತರ್ತೀನಿ. ರೌಂಡ್ಸ್ ತನಕ ಸೂಜಿ ಮುಟ್ಟಬೇಡಿ.”

“ನನಗೇ ಅಪ್ಪಣೆ ಕೊಡ್ತೀರಾ?”

“ಕೊಟ್ಟಾಯ್ತು,” ಎಂದು ಅಕ್ಕ ಎದ್ದಳು.

ಹೊರಗೆ ಬೆಂಚಿನ ತುದಿಯಲ್ಲಿ ತಂಗಿ ಕೂತಿದ್ದಳು. ಮಡಿಲಲ್ಲಿ ಅಕ್ಕನ ಚೀಲ, ಕೈಯಲ್ಲಿ ನೀರಿನ ಬಾಟಲಿ. ಅಕ್ಕ ಕಾಯಿಲೆ ಬಿದ್ದಂದಿನಿಂದ ಅವಳ ಊಟ, ಬಟ್ಟೆ, ಮಾತ್ರೆ ಎಲ್ಲ ಈ ತಂಗಿಯದೇ ಉಸ್ತುವಾರಿ. ಮಾತು ಕಡಿಮೆ, ಕಣ್ಣು ಜಾಸ್ತಿ.

“ಏನಂದ್ರು ಅಕ್ಕ?”

“ಹಿಟ್ಟಂತೆ.”

ತಂಗಿ ಏನೋ ಹೇಳಲು ಬಾಯಿ ತೆರೆದಳು. ಆಮೇಲೆ ಬಾಟಲಿಯ ಮುಚ್ಚಳ ತಿರುಗಿಸಿ ಬಿಗಿ ಮಾಡಿದಳು. ಅದು ಮೊದಲೇ ಬಿಗಿಯಾಗಿತ್ತು.

“ನಾನು ಇಲ್ಲೇ ಇರ್ತೀನಿ. ಟೀಚರ್ ಹತ್ರ ಯಾರಾದ್ರೂ ಬೇಕಲ್ಲ,” ಎಂದಳು. ಚೀಲದಿಂದ ಚಿಕ್ಕ ಡಬ್ಬಿ ತೆಗೆದು ಅಕ್ಕನ ಕೈಗಿಟ್ಟಳು. “ಮಧ್ಯಾಹ್ನದ ಮಾತ್ರೆ ಮರೀಬೇಡ.”

ಅಕ್ಕ ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು.

ಊರಿನ ನಕ್ಷೆ ಒಬ್ಬೊಬ್ಬರ ತಲೆಯಲ್ಲಿ ಒಂದೊಂದು ತರಹ ಇರುತ್ತದೆ. ಚೆಕಿಂಗ್ ಅಕ್ಕನ ತಲೆಯಲ್ಲಿ ಅದು ಶೌಚಾಲಯದಿಂದ ಶೌಚಾಲಯಕ್ಕೆ ಎಳೆದ ಗೆರೆ. ಪೆಟ್ರೋಲ್ ಬಂಕಿನದು, ಗ್ರಂಥಾಲಯದ್ದು, ಚಪ್ಪಲಿ ಅಂಗಡಿಯ ಹಿಂದಿನದು. ಔಷಧಿ ಶುರುವಾದ ಮೇಲೆ ಕೆಲ ತಿಂಗಳು ಈ ನಕ್ಷೆ ಬೇಕಿರಲಿಲ್ಲ. ಹಣ್ಣಿನಂಗಡಿಯ ಮುಂದೆ ಸುಮ್ಮನೆ ನಿಂತು ಹರಟುವಷ್ಟು ಧೈರ್ಯ ಬಂದಿತ್ತು. ಈಚೆಗೆ ಮತ್ತೆ ಹೊಟ್ಟೆ ಹಿಂಡುತ್ತಿತ್ತು. ಪರೀಕ್ಷೆಯಿಂದ ತೆಗೆದುಹಾಕಿಯಾರು ಎಂದು ಡಾಕ್ಟರಮ್ಮನಿಗೆ ಅವಳು ಹೇಳಿರಲಿಲ್ಲ. ಇವತ್ತೂ ಚಪ್ಪಲಿ ಅಂಗಡಿಯವನಿಗೆ ಕೈ ಎತ್ತಿ ಹಿಂದಕ್ಕೆ ಓಡಿದಳು. ಅವನು ಅಭ್ಯಾಸದಂತೆ ಬೀಗದ ಕೈ ಚಾಚಿದ.

ಅಲ್ಲಿಂದ ಎರಡನೇ ತಿರುವಿನಲ್ಲಿ ಟೈಲರಣ್ಣನ ಅಂಗಡಿ.

ಕಾಯುವ ಕೋಣೆಯಲ್ಲಿ ಟೀಚರ ಇನ್ನೊಂದು ಪಕ್ಕದಲ್ಲಿ ಕೂರುತ್ತಿದ್ದವನು ಅವನೇ. ಅದೇ ಕಾಯಿಲೆ, ಅದೇ ಮಾತ್ರೆ. ಕೊರಳಲ್ಲಿ ಅಳತೆ ಪಟ್ಟಿ ಇಲ್ಲದೆ ಅವನನ್ನು ಯಾರೂ ಕಂಡಿಲ್ಲ. ಈಗ ಶಾಲೆ ಸಮವಸ್ತ್ರದ ರಾಶಿಯ ನಡುವೆ ಮಿಷನ್ ತುಳಿಯುತ್ತಿದ್ದ.

“ಬನ್ನಿ ಅಕ್ಕ, ಬನ್ನಿ. ಟೀಚರ್ ಹೇಗಿದ್ದಾರೆ?”

“ಒಂದು ದಾರ ಬೇಕಿತ್ತು ಟೈಲರಣ್ಣ. ಇದಕ್ಕೆ ಹೊಂದೋ ಬಣ್ಣದ್ದು.”

ಬಟ್ಟೆ ಕತ್ತರಿಸುವ ಮೇಜಿನ ಮೇಲೆ, ಬಟ್ಟೆಗೆ ಗುರುತು ಹಾಕುವ ಅರ್ಧ ಸವೆದ ನೀಲಿ ಮೇಣದ ಚಾಕ್‌ಪೀಸಿನ ಪಕ್ಕಕ್ಕೆ, ಅಕ್ಕ ಒಂದು ಮಾತ್ರೆ ಇಟ್ಟಳು.

ಮಿಷನ್ ನಿಂತಿತು.

ಇಷ್ಟು ವರ್ಷಗಳ ಬಸ್ಸಿನ ಅನುಭವದಲ್ಲಿ ಅಕ್ಕ ಒಂದು ವಿಷಯ ಕಂಡುಕೊಂಡಿದ್ದಳು. ಟಿಕೆಟ್ ಇದ್ದವನು ತನ್ನ ಜೇಬು ನೋಡುತ್ತಾನೆ. ಇಲ್ಲದವನು ಚೆಕಿಂಗ್‌ನವರ ಮುಖ ನೋಡುತ್ತಾನೆ. ಟೈಲರಣ್ಣ ಮಾತ್ರೆಯತ್ತ ಕಣ್ಣು ಹಾಯಿಸಲಿಲ್ಲ. ಅವಳ ಮುಖವನ್ನೇ ನೋಡಿದ.

“ಊರಲ್ಲಿ ನಾನೊಬ್ಬನೇ ಟೈಲರಾ?” ಎಂದ.

“ನಾನಿನ್ನೂ ಏನೂ ಕೇಳೇ ಇಲ್ವಲ್ಲ.”

ಅವನು ಅಳತೆ ಪಟ್ಟಿಯ ತುದಿಯನ್ನು ಬೆರಳಿಗೆ ಸುತ್ತಿಕೊಂಡ.

“ಊರಲ್ಲಿ ಬೇಕಾದಷ್ಟು ಟೈಲರ್‌ಗಳಿದ್ದಾರೆ,” ಎಂದಳು ಅಕ್ಕ. “ನಮ್ಮ ಬೆಂಚಿನ ಮೇಲೆ ನೀನೊಬ್ಬನೇ. ನಿನ್ನ ಮಾತ್ರೆ ಟೀಚರ್ ಸೀಸೆಗೆ ನಡ್ಕೊಂಡು ಹೋಯ್ತಾ?”

“ಹೌದು, ಬದಲಾಯಿಸ್ಕೊಂಡ್ವಿ. ಏನೀಗ?” ಅವನು ಎದ್ದು ನಿಂತ. “ನಮ್ಮ ಕೈಲಿ ಸಹಿ ಹಾಕಿಸ್ಕೊಂಡ್ರು, ಆಮೇಲೆ ಚೀಟಿ ಎತ್ತಿದ್ರು. ಒಬ್ಬರಿಗೆ ಔಷಧಿ, ಒಬ್ಬರಿಗೆ ಹಿಟ್ಟು. ನಾವು ಅಕ್ಕಪಕ್ಕ ಕೂತು ಒಂದೇ ಬಾಗಿಲು ಕಾಯೋರು, ಅದೂ ಶೌಚಾಲಯದ ಬಾಗಿಲು. ಅರ್ಧಕ್ಕರ್ಧ ಹಂಚ್ಕೊಂಡ್ರೆ ಇಬ್ಬರ ಹೊಟ್ಟೆಗೂ ಅರ್ಧ ಔಷಧಿ ಆದ್ರೂ ಬೀಳುತ್ತೆ ಅಂದ್ರು ಟೀಚರ್. ನಂಗೂ ನ್ಯಾಯ ಅನ್ನಿಸ್ತು. ಅಕ್ಕ, ನಮ್ಮ ಅಂಗಡೀಲೂ ಟ್ರಯಲ್ ಅಂತ ಇದೆ. ಹಾಕಿ ನೋಡ್ತೀರಿ, ಬಿಗಿಯಾದ್ರೆ ನಾನು ಬಿಚ್ಚಿ ಹೊಲೀತೀನಿ. ಅಲ್ಲಿ ಬಿಗಿಯಾದ್ರೆ ಯಾರು ಬಿಚ್ಚಿ ಕೊಡ್ತಾರೆ?”

“ಇಬ್ಬರಿಗೂ ಹಿಟ್ಟೇ ಬಂದಿದ್ರೆ?”

“ನಾನೂ ಕೇಳಿದೆ. ಆಗ ನಾವು ಹಿಟ್ಟಿನ ಕಡೆ ನೆಂಟರು ಬಿಡು ಅಂದ್ರು ಟೀಚರ್.”

ಇಬ್ಬರಿಗೂ ನಗು ಬಂತು, ಬಂದಷ್ಟೇ ಬೇಗ ಹೋಯಿತು.

“ನನ್ನ ಜೊತೆ ಬಂದು ಡಾಕ್ಟರಮ್ಮನ ಮುಂದೆ ಇದನ್ನೇ ಹೇಳ್ಬೇಕು,” ಎಂದಳು ಅಕ್ಕ. “ನಿನ್ನ ಗುಟ್ಟು ತೆರೆಸಬೇಕು. ನಿಂದು ನಿಜವಾದ ಔಷಧಿ ಅಂತ ಗೊತ್ತಾದ್ರೆ ಇವತ್ತಿನ ಸೂಜಿ ನಿಲ್ಲುತ್ತೆ. ಇಲ್ದಿದ್ರೆ ಡಾಕ್ಟರಮ್ಮನ ಕೈಯಿಂದಲೇ ಟೀಚರ್ ಹೋಗ್ತಾರೆ.”

“ತೆರೆದ್ರೆ ನನ್ನ ಹೊರಗೆ ಹಾಕ್ತಾರೆ. ಮಾತ್ರೆ ನಿಲ್ಲುತ್ತೆ.”

“ನಿಲ್ಲುತ್ತೆ.”

“ಮೊನ್ನೆ ಮಗಳ ಪಕ್ಕ ಕೂತು ಪೂರ್ತಿ ಸಿನಿಮಾ ನೋಡಿದೆ ಅಕ್ಕ. ಇಷ್ಟು ವರ್ಷ ಪ್ರತಿ ಸಿನಿಮಾದ ಕೊನೆಯನ್ನೂ ಅವಳೇ ನಂಗೆ ಹೇಳ್ತಿದ್ಲು. ಮೊನ್ನೆ ಅವಳು ಪರದೆ ನೋಡ್ಲಿಲ್ಲ. ನಾನು ಎದ್ದು ಹೋಗ್ತೀನಾ ಅಂತ ನನ್ನನ್ನೇ ನೋಡ್ತಾ ಕೂತಿದ್ಲು.” ಅವನು ನೀಲಿ ಚಾಕ್‌ಪೀಸನ್ನು ಕೈಗೆತ್ತಿಕೊಂಡು ಮತ್ತೆ ಇಟ್ಟ. “ಇದರಲ್ಲಿ ನಿಮಗೇನು ಹೋಗುತ್ತೆ?”

“ಟೀಚರ್ ಹೋಗ್ತಾರೆ,” ಎಂದಳು ಅಕ್ಕ.

ಅವನು ಹೊರಗೆ ಬಂದು ಷಟರ್ ಎಳೆದ. ಅಳತೆ ಪಟ್ಟಿ ಕೊರಳಲ್ಲೇ ಇತ್ತು.

ಡಾಕ್ಟರಮ್ಮ ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು.

“ನೀವು ಏನು ಮಾಡಿದ್ದೀರಿ ಅಂತ ಗೊತ್ತಾ? ಇಲ್ಲಿ ಸಿಗೋ ಉತ್ತರ ನಂಬಿ ನಾಳೆ ಸಾವಿರಾರು ಜನ ಈ ಮಾತ್ರೆ ನುಂಗ್ತಾರೆ. ನೀವು ಉತ್ತರವನ್ನೇ ಕಲಸಿಬಿಟ್ರಿ.”

“ನೀವು ಸಾವಿರ ಜನರನ್ನ ನೋಡ್ತೀರಿ ಡಾಕ್ಟ್ರೇ,” ಎಂದ ಟೈಲರಣ್ಣ. “ನಮಗೆ ಕಾಣೋದು ಪಕ್ಕದಲ್ಲಿ ಕೂತವರ ಮುಖ.”

“ಎರಡೂ ಕಾಣಬೇಕು. ನಿಯಮ ಇರೋದು ಅದಕ್ಕೇ.” ಅವರು ಕಂಪ್ಯೂಟರಿನತ್ತ ತಿರುಗಿದರು. “ತೆರೀತೀನಿ. ತೆರೆದ ಮೇಲೆ ನಿಮಗೆ ಇಲ್ಲಿ ಜಾಗ ಇಲ್ಲ. ಸಮ್ಮತಿ ಇದೆಯಾ?”

ಟೈಲರಣ್ಣ ಅಳತೆ ಪಟ್ಟಿಯ ಎರಡು ತುದಿಗಳನ್ನೂ ಹಿಡಿದುಕೊಂಡ. “ತೆರೀರಿ.”

ಕೀಲಿಗಳ ಸದ್ದು. ಆಮೇಲೆ ಡಾಕ್ಟರಮ್ಮ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

“ನಿಮ್ಮದೂ ಹಿಟ್ಟೇ.”

“ಹಿಟ್ಟಾ?” ಎಂದ ಟೈಲರಣ್ಣ. “ಮತ್ತೆ ನಾನು ಹುಷಾರಾಗಿದ್ದು? ಆ ಸಿನಿಮಾ?”

“ಆಗುತ್ತೆ. ಈ ಕಾಯಿಲೇಲಿ ಹಿಟ್ಟು ನುಂಗಿದವರಲ್ಲೂ ಕೆಲವರಿಗೆ ವಾಸಿಯಾಗುತ್ತೆ. ಅದಕ್ಕೇ ಹಿಟ್ಟನ್ನೂ ಜೊತೆಗಿಟ್ಟು ನೋಡೋದು.”

ಅವನು ಮೇಜಿನತ್ತ ಬಾಗಿದ. “ಹಾಗಾದ್ರೆ ಆ ಹಿಟ್ಟನ್ನೇ ಕೊಡಿ. ಯಾವ ಗಿರಣಿದು ಹೇಳಿ, ನಾನೇ ತಗೋತೀನಿ.”

ಯಾರೂ ನಗಲಿಲ್ಲ. ಇಬ್ಬರದೂ ಹಿಟ್ಟು ಎಂದರೆ ಟೀಚರ ಹೊಟ್ಟೆಗೆ ಔಷಧಿ ಬಿದ್ದೇ ಇಲ್ಲ. ಡಾಕ್ಟರಮ್ಮ ಹೇಳಿದ್ದೇ ಸರಿ. ಸೂಜಿ ಕೊಡಬಹುದು. ಅಕ್ಕನಿಗೆ ತನ್ನ ಮೇಲೇ ಸಿಟ್ಟು ಬಂತು. ಆದರೂ ಲೆಕ್ಕ ಎಲ್ಲೋ ತಾಳೆಯಾಗುತ್ತಿಲ್ಲ ಅನ್ನಿಸಿತು.

ಅಷ್ಟರಲ್ಲಿ ಮೇಜಿನ ಮೇಲಿನ ಫೋನು ಬಡಿದುಕೊಂಡಿತು. ಡಾಕ್ಟರಮ್ಮ ಕೇಳಿಸಿಕೊಂಡರು. ಕೇಳುತ್ತ ಕೇಳುತ್ತ ಅವರ ಬೆನ್ನು ನೆಟ್ಟಗಾಯಿತು.

“ಟೀಚರ ರಕ್ತದ ರಿಪೋರ್ಟು,” ಎಂದರು ಫೋನಿಟ್ಟು. “ಬಿಳಿ ರಕ್ತಕಣಗಳು ಪಾತಾಳಕ್ಕಿಳಿದಿವೆ. ನಮ್ಮ ಔಷಧಿ ನುಂಗಿದವರಲ್ಲಿ ಅಪರೂಪಕ್ಕೆ ಹೀಗಾಗುತ್ತೆ. ಹಿಟ್ಟು ನುಂಗಿದವರಲ್ಲಿ ಆಗೋದಿಲ್ಲ.”

“ಅಂದ್ರೆ ಔಷಧಿ ಒಳಗೆ ಹೋಗಿದೆ.”

“ಹೋಗಿರ್ಬೇಕು. ಆದರೆ ಎಲ್ಲಿಂದ? ಇವರದ್ದು ಹಿಟ್ಟು, ಅವರದ್ದೂ ಹಿಟ್ಟು. ಬರೀ ಅನುಮಾನದ ಮೇಲೆ ಸೂಜಿ ನಿಲ್ಲಿಸಿ, ಆಮೇಲೆ ಕಾಯಿಲೆಯೇ ಕೆರಳಿದ್ದು ಅಂತಾದ್ರೆ ಕರುಳು ಒಡೆದು ಸಾಯ್ತಾರೆ. ಕೊಟ್ರೂ ಅಪಾಯ, ಬಿಟ್ರೂ ಅಪಾಯ.”

ಅಕ್ಕ ಸೀಸೆಯನ್ನು ಮತ್ತೆ ಮೇಜಿನ ಮೇಲೆ ಸುರಿದಳು. ನೀಲಿ ಗೀರಿನವನ್ನು ಒಂದು ಕಡೆ, ಬರೀ ಬಿಳಿಯವನ್ನು ಇನ್ನೊಂದು ಕಡೆ ಸರಿಸಿದಳು.

“ಟೈಲರಣ್ಣ, ನಿನ್ನ ಮಾತ್ರೆಗಳಿಗೆಲ್ಲ ಚಾಕ್ ಹತ್ತಿತ್ತಾ, ಕೆಲವಕ್ಕೆ ಮಾತ್ರಾನಾ?”

“ಎಲ್ಲಕ್ಕೂ. ಕತ್ತರಿಸೋ ಮೇಜಿನ ಮೇಲೇ ಸುರಿದು ಪಾಲು ಮಾಡಿದ್ದು. ಬೈದ್ರು ಟೀಚರ್, ಔಷಧಿಗೆ ಡಿಸೈನ್ ಮಾಡಿದ್ದೀಯಲ್ಲೋ ಅಂತ.”

“ಅರ್ಧ ಸೀಸೆ ಕೊಟ್ಟೆ?”

“ಸರಿಯಾಗಿ ಅರ್ಧ.”

“ಹಾಗಾದ್ರೆ ಇಲ್ಲಿ ಅರ್ಧದಷ್ಟು ನೀಲಿ ಇರ್ಬೇಕು.” ಅಕ್ಕ ಆ ಚಿಕ್ಕ ಗುಂಪನ್ನು ತೋರಿಸಿದಳು. “ಉಳಿದ ನೀಲಿ ಎಲ್ಲಿ ಹೋಯ್ತು?”

“ನುಂಗಿರ್ತಾರೆ,” ಎಂದರು ಡಾಕ್ಟರಮ್ಮ.

“ನೀಲಿ ಇರೋದನ್ನೇ ಆರಿಸಿ ನುಂಗಿದ್ರಾ? ಇಲ್ಲ ಮೇಡಂ. ಮೂರನೆಯವರು ಒಬ್ಬರಿದ್ದಾರೆ. ಅವರು ನೀಲಿ ತಗೊಂಡು ಬಿಳಿ ಕೊಟ್ಟಿದ್ದಾರೆ. ಔಷಧಿ ಬಂದಿದ್ದು ಆ ಬಿಳಿಯಲ್ಲಿ.”

“ಯಾರು?”

“ಗೊತ್ತಿಲ್ಲ.”

“ಎಲ್ಲರ ಗುಟ್ಟೂ ತೆರೀತಾ ಕೂರೋಕಾಗಲ್ಲ ಅಮ್ಮ. ಒಬ್ಬರ ಹೆಸರು ಹೇಳಿ.” ಡಾಕ್ಟರಮ್ಮ ಗೋಡೆ ಗಡಿಯಾರ ನೋಡಿದರು. ಹೊರಗೆ ರೌಂಡ್ಸಿನ ಗಾಡಿಯ ಚಕ್ರಗಳ ಸದ್ದು ಆಗಲೇ ಶುರುವಾಗಿತ್ತು.

ಅಕ್ಕನ ಹೊಟ್ಟೆ ಹಿಂಡಿತು. ಮಧ್ಯಾಹ್ನದ ಮಾತ್ರೆ ಮರೆತೇಹೋಗಿತ್ತು. ಕೈ ತಾನಾಗಿಯೇ ಸೊಂಟಕ್ಕೆ ಹೋಗಿ ಡಬ್ಬಿ ತೆಗೆಯಿತು. ದಿನವೂ ತಂಗಿ ಅಂಗೈಗೆ ಹಾಕುತ್ತಾಳೆ, ಅವಳು ನೋಡದೆ ಬಾಯಿಗೆ ಹಾಕಿಕೊಳ್ಳುತ್ತಾಳೆ. ಇವತ್ತು ತಂಗಿ ಪಕ್ಕದಲ್ಲಿರಲಿಲ್ಲ. ಅಕ್ಕ ತಾನೇ ಮುಚ್ಚಳ ತೆರೆದಳು.

ಬಿಳಿ ಮಾತ್ರೆ. ಅಂಚಿನಲ್ಲಿ ನೀಲಿ ಗೀರು.

ಡಬ್ಬಿ ಬಗ್ಗಿಸಿದಳು. ನಾಳೆಯದು, ನಾಡಿದ್ದಿನದು. ಎಲ್ಲವೂ ನೀಲಿ.

ಮತ್ತೆ ಶುರುವಾದ ಹೊಟ್ಟೆನೋವು, ಚಪ್ಪಲಿ ಅಂಗಡಿಯವನು ಚಾಚಿದ ಬೀಗದ ಕೈ, ಬಿಗಿಯಾಗಿದ್ದ ಮುಚ್ಚಳವನ್ನು ಇನ್ನಷ್ಟು ಬಿಗಿ ಮಾಡಿದ ಆ ಬೆರಳುಗಳು. ಎಲ್ಲವೂ ಒಂದೇ ಸಾಲಿನಲ್ಲಿ ಬಂದು ನಿಂತವು.

“ನನ್ನದು ತೆರೀರಿ,” ಎಂದಳು.

ಡಾಕ್ಟರಮ್ಮ ಡಬ್ಬಿ ನೋಡಿದರು, ಅವಳನ್ನು ನೋಡಿದರು. “ತೆರೆದರೆ ನೀವೂ ಹೊರಗೆ. ಮತ್ತೆ ಸೇರಿಸಿಕೊಳ್ಳೋದಿಲ್ಲ. ನಿಮ್ಮ ಕಾಯಿಲೆಗೆ ಬೇರೆ ಔಷಧಿಗಳೆಲ್ಲ ಮುಗಿದಿವೆ, ಗೊತ್ತಲ್ಲ?”

“ಗೊತ್ತು. ಹೊರಗೆ ನಿಂತು ಬದುಕೋದನ್ನ ನಂಗೆ ನೀವು ಕಲಿಸ್ಬೇಕಾಗಿಲ್ಲ. ತೆರೀರಿ.”

ಈ ಸಲ ಕೀಲಿಗಳ ಸದ್ದು ಬೇಗ ಮುಗಿಯಿತು.

“ನಿಮ್ಮದು ನಿಜವಾದ ಔಷಧಿ,” ಎಂದ ಡಾಕ್ಟರಮ್ಮ ಮರುಗಳಿಗೆಯೇ ಫೋನೆತ್ತಿದರು. “ಸ್ಟೀರಾಯ್ಡ್ ಕೊಡಬೇಡಿ. ಸೂಜಿ ತುಂಬಿದ್ರೂ ಚೆಲ್ಲಿಬಿಡಿ. ಸೋಂಕಿನ ಚಿಕಿತ್ಸೆ ಶುರು ಮಾಡಿ, ಈಗಲೇ. ಹೌದು, ನನ್ನ ಜವಾಬ್ದಾರಿ.”

ಟೈಲರಣ್ಣ ಗೋಡೆಗೆ ಒರಗಿ ಉಸಿರುಬಿಟ್ಟ. ಅಕ್ಕನಿಗೆ ಉಸಿರು ಬಿಡಲು ಪುರುಸೊತ್ತಿರಲಿಲ್ಲ. ಒಂದು ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ಬಾಗಿಲು ತೆರೆದಳು.

ಹೊಸಿಲಾಚೆಯೇ ತಂಗಿ ನಿಂತಿದ್ದಳು, ನೀರಿನ ಬಾಟಲಿ ಹಿಡಿದು.

“ಮಾತ್ರೆ ನುಂಗಿದ್ಯಾ ಅಕ್ಕ?”

ಅಕ್ಕ ಅಂಗೈ ಚಾಚಿದಳು. ಸಾವಿರಾರು ಜನರ ಮುಂದೆ ಟಿಕೆಟ್ಟಿಗೆ ಹೀಗೇ ಕೈ ಚಾಚಿದ್ದಳು.

ತಂಗಿ ಮಾತ್ರೆಯನ್ನು ನೋಡಲಿಲ್ಲ. ಅಕ್ಕನ ಮುಖ ನೋಡಿದಳು.

“ನನ್ನ ಮಾತ್ರೆ ಟೀಚರ್‌ಗೆ ಯಾಕೆ ಕೊಟ್ಟೆ?”

“ಅವರಿಗೆ ಗುಣ ಆಗ್ಲೇ ಇಲ್ಲ. ಯಾರ ಹತ್ರ ಆದ್ರೂ ನಿಜವಾದ್ದು ಇದ್ರೆ ಬದಲಾಯಿಸಿ ಕೊಡ್ತೀಯಾ ಅಂತ ಕೇಳಿದ್ರು.” ದನಿ ಸಣ್ಣದಾಗಿತ್ತು, ಆದರೆ ತಲೆ ತಗ್ಗಿರಲಿಲ್ಲ. “ನಿನ್ನದು ನಿಜವಾದ್ದು ಅಂತ, ಅದನ್ನ ನುಂಗಿದವರಿಗೆ ರಕ್ತ ಕೆಡುತ್ತೆ ಅಂತ ನಂಗೆ ಗೊತ್ತಾಗಿತ್ತು. ಅವರಿಗೆ ಬೇಕಿತ್ತು. ನನಗೆ ನೀನು ಬೇಕಿತ್ತು. ಬೈಯೋದಾದ್ರೆ ಬೈಯಿ. ನಾಳೆ ಮತ್ತೆ ಅದೇ ಮಾಡ್ತೀನಿ.”

ಬೈಯಲು ಹೊರಟವಳು ತಡೆದುಕೊಂಡಳು. ಅಕ್ಕನ ತಲೆಯಲ್ಲಿ ಬೇರೇನೋ ಚಕ್ಕನೆ ಹೊಳೆದಿತ್ತು.

“ನನ್ನದು ನಿಜವಾದ್ದು ಅಂತ ಕಂಪ್ಯೂಟರ್ ಬಾಯಿ ಬಿಟ್ಟಿದ್ದೇ ಈಗ,” ಎಂದಳು ನಿಧಾನವಾಗಿ. “ರಕ್ತ ಕೆಡುತ್ತೆ ಅಂತ ರಿಪೋರ್ಟ್ ಬಂದಿದ್ದೂ ಈಗ. ಇದೆಲ್ಲ ನಿಂಗೆ ಮೊದಲೇ ಹೇಗೆ ಗೊತ್ತಾಯ್ತು?”

“ಹೇಳಿದ್ರು.”

“ಯಾರು?”

ತಂಗಿಯ ಕಣ್ಣು ಅಕ್ಕನ ಭುಜದ ಮೇಲಿಂದ ಹಾದು, ತೆರೆದ ಬಾಗಿಲಿನಿಂದ ಕೋಣೆಯೊಳಗೆ ಹೋಗಿ ನಿಂತಿತು.

ಒಳಗಿದ್ದವರು ಇಬ್ಬರೇ. ಕಂಪ್ಯೂಟರಿನ ಗುಟ್ಟು ತೆರೆಯಬಲ್ಲವರು ಒಬ್ಬರೇ.